ಮುಪ್ಪಿನ ಖರ್ಚು ಯಾರ ತಲೆಗೆ?

ಸಂಜೆ 7 ಗಂಟೆ. ಕಲಿಕಾ ಕೇಂದ್ರದಲ್ಲಿ ಹೆಂಗಸರು ಸೇರಿದ್ದರು. ಸೊಪ್ಪಿನಜ್ಜಿ ಮಾತ್ರ ಬಂದಿರಲಿಲ್ಲ.

ಸೊಪ್ಪಿನಜ್ಜಿಗೆ 68 ವರ್ಷ. ದಿನಾ ಬೆಳಗ್ಗೆ ಕುಕ್ಕೆ ಹೊತ್ತು ಬೀದಿ ಬೀದಿ ಸುತ್ತುತ್ತಾರೆ. ಸಂಜೆ ಎಲ್ಲರಿಗಿಂತ ಮೊದಲು ಬಂದು ಸ್ಲೇಟು ಹಿಡಿದು ಕೂರುತ್ತಾರೆ. ಒಂದು ದಿನವೂ ತಪ್ಪಿಸಿದವರಲ್ಲ.

"ಅಜ್ಜಿ ಯಾಕೆ ಬರಲಿಲ್ಲ?" ಎಂದು ಮೇಡಂ ಕೇಳಿದರು.

"ಬಚ್ಚಲಲ್ಲಿ ಜಾರಿ ಬಿದ್ದರಂತೆ ಮೇಡಂ. ಸೊಂಟದ ಮೂಳೆ ಮುರಿದಿದೆ" ಎಂದಳು ಹೊಲಿಗೆ ಅಕ್ಕ. "ಸೊಸೆ ಹೂ ಮಾರೋಕೆ ಹೋಗ್ತಿದ್ದಳಲ್ಲ, ಅವಳೂ ಈಗ ಮನೇಲೇ. ಅತ್ತೆಗೆ ಸ್ನಾನ, ಊಟ, ಬಟ್ಟೆ ಎಲ್ಲಾ ಅವಳೇ ನೋಡ್ಕೋಬೇಕು."

ಬಿದ್ದವರು ಒಬ್ಬರು. ಆದರೆ ಇಬ್ಬರ ದುಡಿಮೆ ನಿಂತುಹೋಯಿತು.

ಗಾರೆ ಕೆಲಸದ ಅಕ್ಕ ಕೇಳಿದಳು: "ಫ್ಯಾಕ್ಟರಿಗೆ ಹೋಗೋರಿಗೆ ಪಿ.ಎಫ್. ಇದೆ. ಸರ್ಕಾರಿ ನೌಕರರಿಗೆ ಪಿಂಚಣಿ ಇದೆ. ಕೈಕಾಲು ಬಿದ್ದುಹೋದ ಮೇಲೆ ನಮಗೆ ಯಾರಿದ್ದಾರೆ?"

ಮೇಡಂ ಹೇಳಿದರು: "ಕೆಲವು ದೇಶಗಳಲ್ಲಿ ಇದಕ್ಕೆ ಅಂತಲೇ ಜನರಿಂದ ಹಣ ತಗೊಳ್ತಾರೆ. ಸ್ವಂತ ದುಡಿಮೆ ಮಾಡೋರೂ ಕಟ್ಟಬೇಕು."

"ಅಯ್ಯೋ! ಹೊಲಿಗೆ ಮಿಷಿನ್ ತುಳಿಯೋಳ ಹತ್ರಾನೂ ತೆರಿಗೆ ಕೇಳ್ತಾರಾ?" ಎಂದಳು ಹೊಲಿಗೆ ಅಕ್ಕ.

ಅಕ್ಕಂದಿರೇ, ಈ ಪ್ರಶ್ನೆ ಸಣ್ಣದಲ್ಲ. ಬನ್ನಿ, ನಿಧಾನವಾಗಿ ತಿಳಿಯೋಣ.

ವಯಸ್ಸಾದವರು ಹೆಚ್ಚುತ್ತಿದ್ದಾರೆ

ದೇಶಕ್ಕೆ ಸ್ವಾತಂತ್ರ್ಯ ಬಂದ ಕಾಲದಲ್ಲಿ ನಮ್ಮ ಜನರ ಸರಾಸರಿ ಆಯಸ್ಸು ಸುಮಾರು 32 ವರ್ಷ. ಈಗ ಅದು ಸುಮಾರು 70 ವರ್ಷ. ಇದು ಸಂತೋಷದ ಸಂಗತಿ. ಔಷಧಿ ಬಂತು. ಲಸಿಕೆ ಬಂತು. ಬರಗಾಲದ ಸಾವು ಕಡಿಮೆಯಾಯಿತು.

2011ರ ಜನಗಣತಿಯಲ್ಲಿ 60 ವರ್ಷ ದಾಟಿದವರು ದೇಶದಲ್ಲಿ 10 ಕೋಟಿಗೂ ಹೆಚ್ಚು ಇದ್ದರು. 2036ರ ಹೊತ್ತಿಗೆ ಈ ಸಂಖ್ಯೆ ಎರಡರಷ್ಟನ್ನೂ ದಾಟುತ್ತದೆ ಎಂದು ಸರ್ಕಾರದ ಅಂದಾಜು.

ಇನ್ನೊಂದು ಕಡೆ ಮಕ್ಕಳು ಕಡಿಮೆಯಾಗಿದ್ದಾರೆ. ಹಿಂದೆ ಮನೆಗೆ ಐದಾರು ಮಕ್ಕಳು. ಈಗ ಒಂದು ಅಥವಾ ಎರಡು. ಅವರೂ ಕೆಲಸ ಹುಡುಕಿ ಪೇಟೆಗೆ ಹೋಗುತ್ತಾರೆ. ನೋಡಿಕೊಳ್ಳಬೇಕಾದವರು ಹೆಚ್ಚು, ನೋಡಿಕೊಳ್ಳುವ ಕೈ ಕಡಿಮೆ.

ಆ ಕೈ ಯಾರದು? ಹೆಚ್ಚಿನ ಮನೆಗಳಲ್ಲಿ ಸೊಸೆಯದು, ಮಗಳದು, ಹೆಂಡತಿಯದು. ಅದಕ್ಕೆ ಕೂಲಿ ಇಲ್ಲ. ರಜೆ ಇಲ್ಲ. ಲೆಕ್ಕದಲ್ಲೂ ಇಲ್ಲ. ಮುಪ್ಪಿನ ಖರ್ಚನ್ನು ಯಾರೂ ಕೊಡುತ್ತಿಲ್ಲ ಎಂದು ತಿಳಿಯಬೇಡಿ. ಮನೆಯ ಹೆಂಗಸು ತನ್ನ ದುಡಿಮೆ ಬಿಟ್ಟು ಅದನ್ನು ಕೊಡುತ್ತಿದ್ದಾಳೆ.

ಮಾಲೀಕನಿಲ್ಲದ ದುಡಿಮೆ

ಗಾರ್ಮೆಂಟ್ಸ್ ಫ್ಯಾಕ್ಟರಿಯ ಹೆಣ್ಣುಮಗಳನ್ನು ನೋಡಿ. ಅವಳ ಮೂಲ ಸಂಬಳದಲ್ಲಿ ನೂರು ರೂಪಾಯಿಗೆ 12 ರೂಪಾಯಿ ಪಿ.ಎಫ್. ಹಿಡಿಯುತ್ತಾರೆ. ಮಾಲೀಕನೂ ಅಷ್ಟೇ ಹಣ ಹಾಕಬೇಕು. ಅವಳದು 12, ಮಾಲೀಕನದು 12. ಇದು ಕಾನೂನು.

ಸೊಪ್ಪಿನಜ್ಜಿಗೆ ಮಾಲೀಕ ಯಾರು? ಯಾರೂ ಇಲ್ಲ. ಅವರೇ ಆಳು, ಅವರೇ ಒಡತಿ. ಹೊಲಿಗೆ ಅಕ್ಕ, ಹೂವಿನವಳು, ಇಡ್ಲಿ ಮಾರುವವಳು ಎಲ್ಲರದೂ ಇದೇ ಕತೆ. ಇದನ್ನೇ ಸ್ವಂತ ದುಡಿಮೆ ಅನ್ನುತ್ತಾರೆ. ಇವರ ಹೆಸರಲ್ಲಿ ಹಣ ಹಾಕುವ ಎರಡನೇ ಕೈ ಇಲ್ಲ.

ನಾವು ತೆರಿಗೆ ಕಟ್ಟಲ್ವಾ?

"ನಾವು ತೆರಿಗೆ ಕಟ್ಟೋರಲ್ಲ. ನಮಗೆ ಯಾಕೆ ಕೊಡ್ತಾರೆ?" ಎಂದಳು ಗಾರೆ ಕೆಲಸದ ಅಕ್ಕ.

ಈ ಮಾತು ಸರಿಯಲ್ಲ. ತೆರಿಗೆಯಲ್ಲಿ ಎರಡು ಬಗೆ. ಒಂದು ಆದಾಯ ತೆರಿಗೆ. ಹೆಚ್ಚು ದುಡಿಯುವವರು ಅದನ್ನು ನೇರವಾಗಿ ಕಟ್ಟುತ್ತಾರೆ. ಇನ್ನೊಂದು ನಾವು ಕೊಳ್ಳುವ ವಸ್ತುವಿನ ಬೆಲೆಯಲ್ಲೇ ಸೇರಿರುತ್ತದೆ. ಅದಕ್ಕೆ ಜಿ.ಎಸ್.ಟಿ. ಅನ್ನುತ್ತಾರೆ.

40 ರೂಪಾಯಿ ಕೊಟ್ಟು ಸೋಪು ತಂದಿರಿ. ಅದರಲ್ಲಿ ಸುಮಾರು 2 ರೂಪಾಯಿ ತೆರಿಗೆ. ಮೊಬೈಲಿಗೆ 299 ರೂಪಾಯಿ ರೀಚಾರ್ಜ್ ಮಾಡಿಸಿದಿರಿ. ಅದರಲ್ಲಿ 45 ರೂಪಾಯಿಗೂ ಹೆಚ್ಚು ತೆರಿಗೆ.

ಸೊಪ್ಪಿನಜ್ಜಿಯೂ ಸೋಪು ಕೊಳ್ಳುತ್ತಾರೆ. ಅಂದ ಮೇಲೆ ಅಜ್ಜಿಯೂ ತೆರಿಗೆ ಕಟ್ಟಿದ್ದಾರೆ, ಜೀವಮಾನವೆಲ್ಲಾ ಕಟ್ಟಿದ್ದಾರೆ. ಅವರಿಗೆ ಸಿಗುವ ಪಿಂಚಣಿ ಭಿಕ್ಷೆಯಲ್ಲ. ವಯಸ್ಸಾದವರಿಗೆ ಸರ್ಕಾರ ನೆರವಾಗಬೇಕು ಎಂದು ನಮ್ಮ ಸಂವಿಧಾನದ 41ನೇ ವಿಧಿಯೂ ಹೇಳುತ್ತದೆ.

ಬ್ರಿಟನ್ನಿನಲ್ಲಿ ಒಂದು ವಾರದ ಜಗಳ

ಈಗ ಬೇರೆ ದೇಶಗಳು ಏನು ಮಾಡಿದವು ಅಂತ ನೋಡೋಣ. ಮೊದಲು ಬ್ರಿಟನ್.

ಅಲ್ಲಿ ದುಡಿಯುವವರು ರಾಷ್ಟ್ರೀಯ ವಿಮೆ ಎಂಬ ಹಣ ಕಟ್ಟುತ್ತಾರೆ. ಪಿಂಚಣಿಗೆ ಅದೇ ಆಧಾರ. 2017ರಲ್ಲಿ ಸಂಬಳದವರು ನೂರಕ್ಕೆ 12 ಕಟ್ಟುತ್ತಿದ್ದರು. ಸ್ವಂತ ದುಡಿಮೆಯವರು ನೂರಕ್ಕೆ 9 ಕಟ್ಟುತ್ತಿದ್ದರು.

2017ರ ಮಾರ್ಚ್ 8ರಂದು ಹಣಕಾಸು ಮಂತ್ರಿ ಫಿಲಿಪ್ ಹ್ಯಾಮಂಡ್ ಬಜೆಟ್ ಓದಿದರು. ಸ್ವಂತ ದುಡಿಮೆಯವರ 9ನ್ನು ಮುಂದಿನ ವರ್ಷ 10, ಅದರ ಮುಂದಿನ ವರ್ಷ 11 ಮಾಡುತ್ತೇವೆ ಎಂದರು. ಅದೇ ಬಜೆಟ್ಟಿನಲ್ಲಿ ವಯಸ್ಸಾದವರ ಮತ್ತು ಅಂಗವಿಕಲರ ಆರೈಕೆಗೆ 3 ವರ್ಷಕ್ಕೆ 200 ಕೋಟಿ ಪೌಂಡ್ ಕೊಡುತ್ತೇವೆ ಎಂದರು. ಪೌಂಡ್ ಅಂದರೆ ಅಲ್ಲಿಯ ಹಣ.

ಸರ್ಕಾರದ ವಾದ ಹೀಗಿತ್ತು: "ಈಗ ಇಬ್ಬರಿಗೂ ಒಂದೇ ಪಿಂಚಣಿ ಸಿಗುತ್ತದೆ. ಕಟ್ಟುವುದರಲ್ಲಿ ಇಷ್ಟು ವ್ಯತ್ಯಾಸ ಯಾಕೆ?"

ಸ್ವಂತ ದುಡಿಮೆಯವರು ಸಿಟ್ಟಾದರು. "ನಮಗೆ ಕಾಯಿಲೆ ಬಿದ್ದರೆ ಸಂಬಳವಿಲ್ಲ. ರಜೆ ಹಾಕಿದರೆ ಅಂದಿನ ದುಡಿಮೆ ಇಲ್ಲ. ಕೆಲಸ ಸಿಗುವ ಭರವಸೆ ಇಲ್ಲ. ಅವರಿಗಿರುವ ಆಸರೆ ನಮಗಿಲ್ಲ. ಅವರಷ್ಟೇ ಯಾಕೆ ಕಟ್ಟಬೇಕು?" ಎಂದರು. ರಾಷ್ಟ್ರೀಯ ವಿಮೆ ಏರಿಸುವುದಿಲ್ಲ ಎಂದು ಆಳುವ ಪಕ್ಷ 2015ರ ಚುನಾವಣೆಯಲ್ಲಿ ಮಾತು ಕೊಟ್ಟಿತ್ತು. ಜನ ಅದನ್ನೂ ನೆನಪಿಸಿದರು.

ಸರಿಯಾಗಿ ಒಂದು ವಾರ. ಮಾರ್ಚ್ 15ರಂದು ಸರ್ಕಾರ ತನ್ನ ತೀರ್ಮಾನ ಹಿಂದಕ್ಕೆ ಪಡೆಯಿತು.

ಯಾರ ಮಾತು ಸರಿ? ಎರಡರಲ್ಲೂ ನಿಜವಿದೆ. ವಯಸ್ಸಾದವರ ಆರೈಕೆಗೆ ಹಣ ಬೇಕು. ಹಾಗೆಯೇ ಹಣ ಕೇಳುವವರು "ನಿಮಗೆ ಇದರಿಂದ ಇಂಥದ್ದು ಸಿಗುತ್ತದೆ" ಎಂದು ತೋರಿಸಬೇಕು. ತೋರಿಸದೆ ಕೇಳಿದರೆ ಜನ ಒಪ್ಪುವುದಿಲ್ಲ.

ಜಪಾನಿನ ದಾರಿ

ಜಪಾನಿನಲ್ಲಿ ನೂರಕ್ಕೆ 29 ಜನ 65 ವರ್ಷ ದಾಟಿದವರು. ಅಲ್ಲಿಯೂ ಅತ್ತೆ ಮಾವಂದಿರ ಸೇವೆ ಸೊಸೆಯ ಕೆಲಸವೇ ಆಗಿತ್ತು. ಹಾಸಿಗೆ ಹಿಡಿದವರನ್ನು ನೋಡಿಕೊಂಡು ಹೆಂಗಸರು ಸೋತುಹೋದರು. ನೋಡುವವರಿಲ್ಲದೆ ಎಷ್ಟೋ ಮಂದಿ ಆಸ್ಪತ್ರೆಯಲ್ಲೇ ತಿಂಗಳುಗಟ್ಟಲೆ ಉಳಿದರು. "ಈ ಭಾರ ಮನೆಯ ಹೆಂಗಸೊಬ್ಬಳದಲ್ಲ, ಎಲ್ಲರದೂ" ಎಂದು ಹೆಂಗಸರ ಸಂಘಗಳು ಒತ್ತಾಯ ಮಾಡಿದವು.

1997ರಲ್ಲಿ ಕಾನೂನು ಬಂತು. 2000ದ ಏಪ್ರಿಲ್‌ನಿಂದ ಜಾರಿಯಾಯಿತು. ಅದರ ಹೆಸರು ದೀರ್ಘಕಾಲದ ಆರೈಕೆ ವಿಮೆ.

40 ವರ್ಷ ತುಂಬಿದ ಎಲ್ಲರೂ ಇದಕ್ಕೆ ಹಣ ಕಟ್ಟಬೇಕು. ಸಂಬಳದವರಿಗೆ ಮಾಲೀಕನೂ ಪಾಲು ಕೊಡುತ್ತಾನೆ. ಅಂಗಡಿಯವರು, ರೈತರು, ಸ್ವಂತ ದುಡಿಮೆಯವರು ತಮ್ಮ ಆರೋಗ್ಯ ವಿಮೆಯ ಜೊತೆಗೇ ಕಟ್ಟುತ್ತಾರೆ. ಕಡಿಮೆ ಆದಾಯದವರಿಗೆ ಕಂತು ಕಡಿಮೆ. ಹೀಗೆ ಬರುವ ಹಣ ಅರ್ಧ. ಉಳಿದ ಅರ್ಧವನ್ನು ಸರ್ಕಾರಗಳು ತೆರಿಗೆಯಿಂದ ಹಾಕುತ್ತವೆ.

ಏನು ಸಿಗುತ್ತದೆ? ನೋಟು ಸಿಗುವುದಿಲ್ಲ, ಸೇವೆ ಸಿಗುತ್ತದೆ. ಸಹಾಯಕಿ ಮನೆಗೆ ಬಂದು ಸ್ನಾನ ಮಾಡಿಸುತ್ತಾಳೆ. ಹಗಲು ಹೊತ್ತು ವಯಸ್ಸಾದವರನ್ನು ನೋಡಿಕೊಳ್ಳುವ ಕೇಂದ್ರಗಳಿವೆ, ನಮ್ಮ ಅಂಗನವಾಡಿ ಮಕ್ಕಳಿಗೆ ಇರುವಂತೆ. ಖರ್ಚಿನಲ್ಲಿ ನೂರಕ್ಕೆ 10 ರೂಪಾಯಿಯಷ್ಟು ಮನೆಯವರು ಕೊಡಬೇಕು. ಹೆಚ್ಚು ಆದಾಯವಿದ್ದವರು 20 ಅಥವಾ 30 ಕೊಡಬೇಕು.

ಹಣವನ್ನೇ ಕೈಗೆ ಯಾಕೆ ಕೊಡಲಿಲ್ಲ? ಕಾನೂನು ಬರುವ ಮೊದಲು ಇದರ ಬಗ್ಗೆ ದೊಡ್ಡ ಚರ್ಚೆ ನಡೆಯಿತು. ಹಣ ಕೊಟ್ಟರೆ "ಹಣ ಬಂತಲ್ಲ, ನೀನೇ ಮಾಡು" ಎಂದು ಸೊಸೆಯನ್ನೇ ಮತ್ತೆ ಮನೆಯಲ್ಲಿ ಕೂರಿಸುತ್ತಾರೆ ಎಂದು ಹೆಂಗಸರು ಹೆದರಿದರು.

ಜಪಾನಿನಲ್ಲೂ ಕಷ್ಟ ತಪ್ಪಿಲ್ಲ. ವಯಸ್ಸಾದವರು ಹೆಚ್ಚಿದಂತೆ ಕಂತೂ ಏರಿದೆ. ಆರೈಕೆ ಕೆಲಸಕ್ಕೆ ಜನ ಸಾಲುತ್ತಿಲ್ಲ. ಆದರೂ ಸೊಸೆಯ ಜೊತೆಗೆ ಇನ್ನೊಂದು ಕೈ ಬಂದಿದೆ.

ಕೇರಳದ 2 ರೂಪಾಯಿ

ನಮ್ಮ ಪಕ್ಕದ ಕೇರಳಕ್ಕೆ ಬರೋಣ. ದೇಶದಲ್ಲಿ ವಯಸ್ಸಾದವರ ಪಾಲು ಹೆಚ್ಚಿರುವ ರಾಜ್ಯ ಅದು. ಪಿಂಚಣಿ ಕೊಡಲು ಅಲ್ಲಿನ ಸರ್ಕಾರಕ್ಕೆ ಹಣ ಸಾಲದಾಯಿತು. 2023ರ ಏಪ್ರಿಲ್ 1ರಿಂದ ಪೆಟ್ರೋಲ್, ಡೀಸೆಲ್ ಮೇಲೆ ಲೀಟರಿಗೆ 2 ರೂಪಾಯಿ ಸೆಸ್ ಹಾಕಿತು. ಬೆಲೆ ಹೆಚ್ಚಿನ ಮದ್ಯದ ಬಾಟಲಿಗೂ 20 ರೂಪಾಯಿ, 40 ರೂಪಾಯಿ ಹಾಕಿತು. ಸೆಸ್ ಅಂದರೆ ಒಂದು ಕೆಲಸಕ್ಕೆ ಅಂತಲೇ ಎತ್ತುವ ತೆರಿಗೆ.

ವಿರೋಧ ಪಕ್ಷದವರು ಪ್ರತಿಭಟನೆ ಮಾಡಿದರು. ಯೋಚಿಸಿ ನೋಡಿ. ದೊಡ್ಡ ಕಾರಿನ ಸಾಹುಕಾರನಿಗೂ ಲೀಟರಿಗೆ 2 ರೂಪಾಯಿ. ಬೈಕಿನಲ್ಲಿ ಮೀನು ಮಾರುವವನಿಗೂ ಅದೇ 2 ರೂಪಾಯಿ. ಸಾಹುಕಾರನಿಗೆ ಅದು ಲೆಕ್ಕಕ್ಕಿಲ್ಲ. ಮೀನು ಮಾರುವವನಿಗೆ ಅದು ಒಂದು ಹೊತ್ತಿನ ಟೀ ಖರ್ಚು.

ಆದರೆ ಹಣ ಹೋಗುವುದು ಎಲ್ಲಿಗೆ? ಅದೇ ಮೀನು ಮಾರುವವನ ತಾಯಿಯ ಪಿಂಚಣಿಗೆ. ತೆರಿಗೆ ಒಳ್ಳೆಯದೋ ಕೆಟ್ಟದ್ದೋ ಎಂದು ಒಂದೇ ಮಾತಿನಲ್ಲಿ ಹೇಳಲು ಆಗುವುದಿಲ್ಲ. ಯಾರಿಂದ ಬಂತು, ಯಾರಿಗೆ ಹೋಯಿತು, ಎರಡನ್ನೂ ನೋಡಬೇಕು.

ನಮ್ಮಲ್ಲಿ ಏನಿದೆ?

ನಮ್ಮ ರಾಜ್ಯದಲ್ಲಿ ಸಂಧ್ಯಾ ಸುರಕ್ಷಾ ಯೋಜನೆ 2007ರಲ್ಲಿ ಶುರುವಾಯಿತು. 65 ವರ್ಷ ದಾಟಿದ ಬಡ ದುಡಿಮೆಗಾರರಿಗೆ ಇದು. 2021ರಲ್ಲಿ ತಿಂಗಳ ಹಣವನ್ನು 1,000ದಿಂದ 1,200 ರೂಪಾಯಿಗೆ ಏರಿಸಿದರು. ಅರ್ಜಿ ಕೊಡುವುದು ನಾಡಕಚೇರಿಯಲ್ಲಿ. ಈ ಹಣ ಬರುವುದು ತೆರಿಗೆಯಿಂದ.

ಸೊಪ್ಪಿನಜ್ಜಿಗೆ ಈ ಪಿಂಚಣಿ ಬರುತ್ತದೆ. 1,200ನ್ನು 30 ದಿನಕ್ಕೆ ಹಂಚಿ. ದಿನಕ್ಕೆ 40 ರೂಪಾಯಿ.

ಕೇಂದ್ರ ಸರ್ಕಾರದ ವೃದ್ಧಾಪ್ಯ ಪಿಂಚಣಿ 1995ರಲ್ಲಿ ಶುರುವಾಯಿತು. ಆಗ ಕೇಂದ್ರದ ಪಾಲು 75 ರೂಪಾಯಿ. ಆಮೇಲೆ 200 ಆಯಿತು. 80 ವರ್ಷದ ಒಳಗಿನವರಿಗೆ ಇವತ್ತಿಗೂ ಕೇಂದ್ರದ ಪಾಲು ಅದೇ 200. ಬೇಳೆ ಬೆಲೆ ಏರಿತು. ಎಣ್ಣೆ ಬೆಲೆ ಏರಿತು. 200 ಮಾತ್ರ ಅಲ್ಲೇ ನಿಂತಿದೆ.

ಇನ್ನು ನಾವೇ ಕಟ್ಟುವ ಯೋಜನೆಗಳಿವೆ. 2019ರಲ್ಲಿ ಪ್ರಧಾನ ಮಂತ್ರಿ ಶ್ರಮಯೋಗಿ ಮಾನಧನ್ ಶುರುವಾಯಿತು. 18ರಿಂದ 40 ವರ್ಷದೊಳಗೆ ಸೇರಬೇಕು. ತಿಂಗಳ ಆದಾಯ 15,000 ರೂಪಾಯಿ ದಾಟಿರಬಾರದು. 18ನೇ ವರ್ಷಕ್ಕೆ ಸೇರಿದರೆ ತಿಂಗಳಿಗೆ 55 ರೂಪಾಯಿ. 29ಕ್ಕೆ ಸೇರಿದರೆ 100. 40ಕ್ಕೆ ಸೇರಿದರೆ 200. ನಾವು ಕಟ್ಟಿದಷ್ಟೇ ಹಣವನ್ನು ಸರ್ಕಾರವೂ ಹಾಕುತ್ತದೆ. ಮಾಲೀಕನ ಜಾಗದಲ್ಲಿ ಸರ್ಕಾರ ನಿಂತಂತೆ. 60 ತುಂಬಿದ ಮೇಲೆ ತಿಂಗಳಿಗೆ 3,000 ರೂಪಾಯಿ.

2015ರಲ್ಲಿ ಬಂದ ಅಟಲ್ ಪಿಂಚಣಿ ಯೋಜನೆಗೆ ಬ್ಯಾಂಕಿನಲ್ಲಿ, ಅಂಚೆ ಕಚೇರಿಯಲ್ಲಿ ಸೇರಬಹುದು. ಅಲ್ಲಿಯೂ ವಯಸ್ಸು 18ರಿಂದ 40. 60ರ ನಂತರ ತಿಂಗಳಿಗೆ 1,000ದಿಂದ 5,000 ರೂಪಾಯಿ ವರೆಗೆ, ಕಟ್ಟಿದ ಕಂತಿಗೆ ತಕ್ಕಂತೆ. ಗಂಡ ಸತ್ತರೆ ಅದೇ ಪಿಂಚಣಿ ಹೆಂಡತಿಗೆ ಬರುತ್ತದೆ.

ಮೂರನೆಯ ದಾರಿಯೂ ಇದೆ. ದುಡಿಸಿಕೊಂಡು ಲಾಭ ಪಡೆಯುವವರಿಂದ ಹಣ ಎತ್ತುವುದು. 1996ರ ಕಾನೂನಿನಿಂದ ಕಟ್ಟಡ ಕಟ್ಟಿಸುವವರ ಮೇಲೆ ಸೆಸ್ ಬಂತು. ಕಟ್ಟಡದ ಖರ್ಚಿನಲ್ಲಿ ನೂರಕ್ಕೆ 1 ರೂಪಾಯಿ ಕಾರ್ಮಿಕರ ನಿಧಿಗೆ ಹೋಗುತ್ತದೆ. ನಮ್ಮ ಗಾರೆ ಕೆಲಸದ ಅಕ್ಕ ಮಂಡಳಿಯಲ್ಲಿ ನೋಂದಣಿ ಮಾಡಿಸಿದರೆ, ನಿಯಮದ ಪ್ರಕಾರ ಅವಳಿಗೂ ಮುಪ್ಪಿನಲ್ಲಿ ಪಿಂಚಣಿ ಉಂಟು. ಮೊಬೈಲ್ ಆ್ಯಪ್ ನೋಡಿ ಊಟ ತಲುಪಿಸುವ ಹುಡುಗರಿಗಾಗಿ 2025ರಲ್ಲಿ ಕರ್ನಾಟಕ ಕಾನೂನು ಮಾಡಿತು. ಅವರಿಗೆ ಕೊಡುವ ಹಣದ ಮೇಲೆ ಕಂಪನಿ ನೂರಕ್ಕೆ 1ರಿಂದ 5 ರೂಪಾಯಿ ವರೆಗೆ ಕಲ್ಯಾಣ ನಿಧಿಗೆ ಕಟ್ಟಬೇಕು.

ಬೀಡಿ ಕಟ್ಟುವವರ ಕತೆಯನ್ನೂ ಕೇಳಿ. 1976ರ ಕಾನೂನಿನಿಂದ ಬೀಡಿಯ ಮೇಲೆ ಸೆಸ್ ಇತ್ತು. ಆ ಹಣದಿಂದ ಅವರಿಗೆ ಆಸ್ಪತ್ರೆ, ಮನೆ, ಮಕ್ಕಳಿಗೆ ವಿದ್ಯಾರ್ಥಿ ವೇತನ. 2017ರಲ್ಲಿ ಜಿ.ಎಸ್.ಟಿ. ಬಂದಾಗ ಆ ಸೆಸ್ ನಿಂತಿತು. ಬೀಡಿ ಮೇಲೆ ತೆರಿಗೆ ಈಗಲೂ ಇದೆ. ಆದರೆ ಬೀಡಿಯವರದೇ ಆದ ಹುಂಡಿ ಇಲ್ಲ. ಪ್ರತಿ ವರ್ಷ ಬಜೆಟ್ಟಿನಲ್ಲಿ ಎಷ್ಟು ಕೊಡುತ್ತಾರೆ ಎಂದು ಕಾಯಬೇಕು.

ಮೂರು ಪ್ರಶ್ನೆ

ನಾಳೆ ಯಾರಾದರೂ ಬಂದು "ಮುಪ್ಪಿನ ಆರೈಕೆಗೆ ನೀವೂ ಹಣ ಕಟ್ಟಿ" ಎಂದರೆ ಹೆದರಬೇಡಿ. ಕೂಡಲೇ ಬೇಡ ಅನ್ನಬೇಡಿ. ಕೂಡಲೇ ಹೂಂ ಅನ್ನಲೂ ಬೇಡಿ. ಈ ಮೂರು ಪ್ರಶ್ನೆ ಕೇಳಿ.

ಒಂದು: ಯಾರಿಂದ ಎಷ್ಟು? ಹೆಚ್ಚು ಇರುವವರು ಹೆಚ್ಚು ಕೊಡಬೇಕು. ಕುಕ್ಕೆ ಹೊತ್ತು ಮಾರುವವಳಿಗೂ ದೊಡ್ಡ ಅಂಗಡಿಯವನಿಗೂ ಒಂದೇ ಕಂತು ಆಗಬಾರದು.

ಎರಡು: ಹಣ ಎಲ್ಲಿ ಇಡುತ್ತೀರಿ? ಮುಪ್ಪಿನ ಹಣಕ್ಕೆ ಬೇರೆ ಹುಂಡಿ ಇರಬೇಕು. ಅದರ ಲೆಕ್ಕ ಎಲ್ಲರಿಗೂ ಕಾಣಬೇಕು.

ಮೂರು: ನಮಗೆ ಏನು ಸಿಗುತ್ತದೆ? ಬರೀ ನೋಟಾ? ಸ್ನಾನ ಮಾಡಿಸುವ ಕೈಯೂ ಸಿಗುತ್ತದಾ? ಬೆಲೆ ಏರಿದಂತೆ ಪಿಂಚಣಿಯೂ ಏರುತ್ತದಾ?

ಸೊಸೆಯ ಮಾತು

ಮರುದಿನ ಹೆಂಗಸರೆಲ್ಲಾ ಸೊಪ್ಪಿನಜ್ಜಿಯನ್ನು ನೋಡಲು ಹೋದರು. ಮೇಡಂ ಸೊಸೆಗೆ ಶ್ರಮಯೋಗಿ ಯೋಜನೆ ಬಗ್ಗೆ ಹೇಳಿದರು. ಅವಳಿಗೆ 29 ವರ್ಷ. ತಿಂಗಳಿಗೆ 100 ರೂಪಾಯಿ.

ಸೊಸೆ ಅತ್ತೆಯ ಕಾಲು ಒತ್ತುತ್ತಾ ಹೇಳಿದಳು: "ಹೂ ಮಾರ್ತಿದ್ದಾಗ ಆಗಿದ್ದರೆ ಕಟ್ಟುತ್ತಿದ್ದೆ ಮೇಡಂ. ಈಗ ಮನೇಲಿ ಕೂತಿದ್ದೀನಿ. ದುಡಿಮೆ ಇಲ್ಲ. ಕಂತು ಎಲ್ಲಿಂದ ತರಲಿ? ಇವತ್ತು ಅತ್ತೆ ನೋಡ್ಕೊಂಡಿದ್ದಕ್ಕೆ ನಾಳೆ ನನಗೇ ಪಿಂಚಣಿ ಇಲ್ಲ ಅಂದಂಗಾಯ್ತು."

ಯಾರಿಗೂ ಮಾತು ಹೊರಡಲಿಲ್ಲ. ಹೊಲಿಗೆ ಅಕ್ಕ ಮೆಲ್ಲಗೆ ಹೇಳಿದಳು: "ನಂಗೆ 44. ಸೇರೋ ವಯಸ್ಸೇ ದಾಟಿಹೋಯ್ತು."

ಅಜ್ಜಿ ಮಲಗಿದ್ದಲ್ಲಿಂದಲೇ ಹೇಳಿದರು: "ನಾಲ್ಕನೇ ಪ್ರಶ್ನೆ ಬರ್ಕೊಳ್ಳಿ ಕಣ್ರಮ್ಮ. ಮನೇಲಿ ಸೇವೆ ಮಾಡೋಳ ಕಂತು ಯಾರು ಕಟ್ತಾರೆ ಅಂತ ಕೇಳಿ."

ಹೆಂಗಸರು ಒಂದು ಏರ್ಪಾಡು ಮಾಡಿಕೊಂಡರು. ದಿನಕ್ಕೆ ಒಬ್ಬೊಬ್ಬರಂತೆ ಬೆಳಗ್ಗೆ ಎರಡು ಗಂಟೆ ಅಜ್ಜಿಯ ಹತ್ತಿರ ಕೂರುವುದು. ಆ ಹೊತ್ತಿನಲ್ಲಿ ಸೊಸೆ ಹೂ ಮಾರಿ ಬರುವುದು. ಇದು ನೆರೆಹೊರೆಯ ನೆರವು. ಎಷ್ಟು ದಿನ ನಡೆದೀತು? ಅವರಿಗೂ ಹೊಟ್ಟೆಪಾಡಿದೆ. ಅದಕ್ಕೇ ಸಂಘದ ಸಭೆಯಲ್ಲಿ ನಾಲ್ಕು ಪ್ರಶ್ನೆಗಳನ್ನೂ ಬರೆದು ಗ್ರಾಮಸಭೆಗೆ ಕೊಡುವುದು ಎಂದು ತೀರ್ಮಾನಿಸಿದರು.

ಅರ್ಜಿಯನ್ನು ಸೊಸೆಯೇ ಬರೆದಳು. ಅಜ್ಜಿ ಹೆಬ್ಬೆಟ್ಟು ಒತ್ತಲಿಲ್ಲ. ಮಲಗಿದ್ದಲ್ಲೇ ಸಹಿ ಹಾಕಿದರು.

ನೀವೂ ಮಾಡಿ

ನಿಮ್ಮ ಮನೆಯ ಹಿರಿಯರ ಪಾಸ್‌ಬುಕ್ ತೆಗೆಯಿರಿ. ಪಿಂಚಣಿ ಯಾವ ತಿಂಗಳು ಬಂದಿದೆ, ಯಾವ ತಿಂಗಳು ಬಂದಿಲ್ಲ ಎಂದು ಓದಿ.

ನಿಮ್ಮ ವಯಸ್ಸು 40 ದಾಟಿಲ್ಲವಾದರೆ ಬ್ಯಾಂಕಿನಲ್ಲಿ ಪಿಂಚಣಿ ಯೋಜನೆಯ ಬಗ್ಗೆ ವಿಚಾರಿಸಿ.

ಹಿರಿಯರ ಸಹಾಯವಾಣಿ ಸಂಖ್ಯೆ 14567. ಗೋಡೆಯ ಮೇಲೆ ಬರೆದಿಡಿ.

ಚರ್ಚೆ ಮಾಡಿ

1. ನಿಮ್ಮ ಬೀದಿಯಲ್ಲಿ ಹಾಸಿಗೆ ಹಿಡಿದ ಹಿರಿಯರು ಎಷ್ಟು ಜನ? ಅವರನ್ನು ಯಾರು ನೋಡಿಕೊಳ್ಳುತ್ತಾರೆ?
2. ಬ್ರಿಟನ್ನಿನ ಸ್ವಂತ ದುಡಿಮೆಯವರು ಹಣ ಕಟ್ಟಲು ಯಾಕೆ ಒಪ್ಪಲಿಲ್ಲ? ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?
3. ಅಜ್ಜಿಯ ನಾಲ್ಕನೇ ಪ್ರಶ್ನೆಗೆ ನಿಮ್ಮ ಉತ್ತರವೇನು?

ಪದಗಳ ಅರ್ಥ

ತೆರಿಗೆ: ಸರ್ಕಾರ ನಡೆಸಲು ಜನರು ಕೊಡುವ ಹಣ
ಸೆಸ್: ಒಂದು ಕೆಲಸಕ್ಕೆ ಅಂತಲೇ ಎತ್ತುವ ತೆರಿಗೆ
ಕಂತು: ತಿಂಗಳು ತಿಂಗಳು ಕಟ್ಟುವ ಹಣ
ಪಿಂಚಣಿ: ದುಡಿಯುವ ವಯಸ್ಸು ಕಳೆದ ಮೇಲೆ ತಿಂಗಳು ತಿಂಗಳು ಸಿಗುವ ಹಣ
ಆರೈಕೆ: ಕೈಲಾಗದವರನ್ನು ನೋಡಿಕೊಳ್ಳುವುದು